ರೆಕಾರ್ಡ್‌ನಲ್ಲಿ ರನ್ನಿಂಗ್, ಸ್ಕ್ರೀನ್ ಮೇಲೆ ಡೆಡ್

ಹೋದ ಸೆಮಿಸ್ಟರ್‌ನ ಒಂದು ಮಧ್ಯಾಹ್ನ. ಊಟ ಮುಗಿಸಿ ಬಂದ ಐದನೇ ಸೆಮ್‌ನ ಒಂದು ಬ್ಯಾಚ್ ನೆಟ್‌ವರ್ಕ್ಸ್ ಲ್ಯಾಬ್‌ನಲ್ಲಿ ಕೂತಿತ್ತು. ಸರ್‌ಗೆ ಏನೋ ಮೀಟಿಂಗ್, "ಸ್ವಲ್ಪ ನೋಡ್ಕೊಳ್ರಪ್ಪ" ಅಂತ ನಮ್ಮನ್ನು ಅಲ್ಲಿ ಬಿಟ್ಟು ಹೋಗಿದ್ದರು. ಅವತ್ತಿನ ಪ್ರಯೋಗವೇನೂ ಬ್ರಹ್ಮವಿದ್ಯೆ ಅಲ್ಲ. ಒಂದು ಲಿನಕ್ಸ್ ಮಿಷನ್ನಿನಲ್ಲಿ ಎಸ್‌ಎಸ್‌ಎಚ್ ಸರ್ವೀಸ್ ಶುರು ಮಾಡಬೇಕು, ಪಕ್ಕದ ಮಿಷನ್ನಿನಿಂದ ಅದಕ್ಕೆ ಲಾಗಿನ್ ಆಗಬೇಕು, ಒಂದು ಫೈಲ್ ಕಾಪಿ ಮಾಡಬೇಕು, ರೆಕಾರ್ಡ್ ಬರೆಯಬೇಕು. ಹತ್ತು ನಿಮಿಷದ ಕೆಲಸ. ಮ್ಯಾನುಯಲ್‌ನಲ್ಲಿ ಹೀಗಿತ್ತು: ಸುಡೋ ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್ ಎಸ್‌ಎಸ್‌ಎಚ್‌ಡಿ. (ಇಲ್ಲಿ ಎಲ್ಲ ಆಜ್ಞೆಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇವೆ. ಟೈಪ್ ಮಾಡೋವಾಗ ದಯವಿಟ್ಟು ಹಾಗೆ ಮಾಡಬೇಡಿ.)

ಒಬ್ಬರಾದ ಮೇಲೆ ಒಬ್ಬರು ಕೈ ಎತ್ತಿದರು. "ಅಣ್ಣಾ, ಯೂನಿಟ್ ನಾಟ್ ಫೌಂಡ್ ಅಂತಿದೆ." "ಅಕ್ಕಾ, ನಂದೂ ಅದೇ." ನಾವು ಗತ್ತಿನಿಂದ, "ಕೊನೇ ಡಿ ತೆಗೀರಿ, ಬರೀ ಎಸ್‌ಎಸ್‌ಎಚ್ ಅಂತ ಹಾಕಿ" ಅಂದೆವು. ನಮಗೂ ಇದನ್ನು ನಮ್ಮ ಸೀನಿಯರ್ಸ್ ಹೇಳಿಕೊಟ್ಟಿದ್ದೇ. ಅವರಿಗೆ ಅವರ ಸೀನಿಯರ್ಸ್. ಡಿ ಯಾಕೆ ತೆಗೀಬೇಕು ಅಂತ ಯಾರೂ ಯಾರನ್ನೂ ಕೇಳಿರಲಿಲ್ಲ.

ಒಬ್ಬ ಹುಡುಗ ಮಾತ್ರ ಸ್ಟಾರ್ಟ್ ಬಿಟ್ಟು ನೇರವಾಗಿ ಸ್ಟೇಟಸ್ ನೋಡಿದ. ಇನ್‌ಆಕ್ಟಿವ್, ಡೆಡ್ ಅಂತ ಬಂತು. ಸರ್ವೀಸ್ ಸತ್ತಿದೆ. ಆದರೆ ಅವನ ಪಕ್ಕದವಳು ಅಷ್ಟರಲ್ಲಿ ಅವನ ಮಿಷನ್ನಿಗೆ ಲಾಗಿನ್ ಆಗಿ ಕೂತಿದ್ದಳು! ಅವನು ಇನ್ನೊಂದು ಸಲ ಸ್ಟೇಟಸ್ ನೋಡಿದ. ಈಗ ಆಕ್ಟಿವ್, ರನ್ನಿಂಗ್. "ಅಣ್ಣಾ, ಸತ್ತಿದ್ದು ಹೆಂಗೆ ಎದ್ದು ಕೂತ್ಕೊಳ್ತು?" ಅಂತ ಕೇಳಿದ. ನಮಗೆ ಗೊತ್ತಿರಲಿಲ್ಲ. "ರಿಫ್ರೆಶ್ ಆಗಿರ್ಲಿಲ್ಲ ಅನ್ಸುತ್ತೆ" ಅಂತ ಏನೋ ಒಂದು ಹೇಳಿ ತಪ್ಪಿಸಿಕೊಂಡೆವು. ಸುಳ್ಳು. ಅದು ನಮ್ಮ ಮೊದಲನೇ ತಪ್ಪು.

ಎರಡನೆಯದು ಇನ್ನೂ ದೊಡ್ಡದು. ಒಂದು ವಾರದ ನಂತರ ಸರ್ ಟೇಬಲ್ ಮೇಲೆ ಆ ಬ್ಯಾಚಿನ ರೆಕಾರ್ಡ್ ಬುಕ್ಕುಗಳು ಇದ್ದವು. ತಿರುವಿ ನೋಡಿದೆವು. ಅಷ್ಟೂ ಬುಕ್ಕಿನಲ್ಲಿ, ಔಟ್‌ಪುಟ್ ಅನ್ನೋ ಜಾಗದಲ್ಲಿ, ಮ್ಯಾನುಯಲ್‌ನಲ್ಲಿ ಇದ್ದ ಹಾಗೇ, ಎಸ್‌ಎಸ್‌ಎಚ್‌ಡಿ ಸರ್ವೀಸ್ ಆಕ್ಟಿವ್, ರನ್ನಿಂಗ್ ಅಂತ ನೀಟಾಗಿ ಬರೆದಿತ್ತು. ಯಾರ ಸ್ಕ್ರೀನ್ ಮೇಲೂ ಆ ಸಾಲು ಆ ರೂಪದಲ್ಲಿ ಬಂದೇ ಇರಲಿಲ್ಲ. ಡೆಡ್ ನೋಡಿದ ಹುಡುಗನೂ ಅದನ್ನೇ ಬರೆದಿದ್ದ. ಕೇಳಿದರೆ, "ಮ್ಯಾನುಯಲ್‌ನಲ್ಲಿ ಇರೋದು ಬರೀದಿದ್ರೆ ಮಾರ್ಕ್ಸ್ ಕಟ್ ಅಲ್ವಾ ಅಣ್ಣಾ" ಅಂದ. ಅವನ ಮೇಲೆ ನಮಗೆ ಸಿಟ್ಟು ಬರಲಿಲ್ಲ. ಎರಡು ವರ್ಷದ ಹಿಂದೆ ನಾವೂ ಅದನ್ನೇ ಮಾಡಿದ್ದೆವು.

ಈ ಲೇಖನ ಬರೆಯೋಕೆ ಕಾರಣ ಇದೇ. ಮ್ಯಾನುಯಲ್‌ನಲ್ಲಿ ಒಂದು ಸಾಲು ತಪ್ಪಿದ್ದರೆ ಹತ್ತು ನಿಮಿಷ ವೇಸ್ಟ್ ಆಗುತ್ತೆ, ಅಷ್ಟೇ ತಾನೇ ಅಂತ ನಾವೂ ಅಂದುಕೊಂಡಿದ್ದೆವು. ಹೋಗೋದು ಹತ್ತು ನಿಮಿಷ ಅಲ್ಲ. ಕಣ್ಣಿಗೆ ಕಂಡಿದ್ದನ್ನು ಬಿಟ್ಟು ಪುಸ್ತಕದಲ್ಲಿ ಇರೋದನ್ನು ಬರೆಯೋ ಅಭ್ಯಾಸವನ್ನು ನಾವು ಲ್ಯಾಬ್‌ನಲ್ಲೇ ಕಲೀತಾ ಇದ್ದೇವೆ, ಅದೂ ಮಾರ್ಕ್ಸ್ ತಗೊಂಡು.

ಮೊದಲು ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರ ಕೊಟ್ಟುಬಿಡೋಣ.

ಎಸ್‌ಎಸ್‌ಎಚ್ ಸರ್ವೀಸಿನ ಹೆಸರು ಎಲ್ಲ ಲಿನಕ್ಸಿನಲ್ಲೂ ಒಂದೇ ಅಲ್ಲ. ಪ್ರೋಗ್ರಾಮಿನ ಹೆಸರು ಎಲ್ಲೆಡೆ ಎಸ್‌ಎಸ್‌ಎಚ್‌ಡಿ, ಕೊನೆಯ ಡಿ ಅಂದರೆ ಡೀಮನ್. ಆದರೆ ಸಿಸ್ಟಮ್‌ಡಿಗೆ ಗೊತ್ತಿರುವ ಹೆಸರು ಫೆಡೋರಾ, ರೆಡ್‌ಹ್ಯಾಟ್ ಕಡೆಯವರಲ್ಲಿ ಎಸ್‌ಎಸ್‌ಎಚ್‌ಡಿ. ಡೆಬಿಯನ್, ಉಬುಂಟು ಕಡೆಯವರಲ್ಲಿ ಬರೀ ಎಸ್‌ಎಸ್‌ಎಚ್. ಹಾಗಿದ್ದರೂ ಹಳೇ ಉಬುಂಟುವಿನಲ್ಲಿ ಡಿ ಹಾಕಿದರೂ ನಡೀತಿತ್ತು. ಯಾಕೆಂದರೆ ಸರ್ವೀಸನ್ನು ಎನೇಬಲ್ ಮಾಡಿದಾಗ ಎಸ್‌ಎಸ್‌ಎಚ್‌ಡಿ ಅನ್ನೋ ಅಡ್ಡಹೆಸರೂ ಒಂದು ಹುಟ್ಟಿಕೊಳ್ಳುತ್ತಿತ್ತು. ಉಬುಂಟು 22.10ರಿಂದ ವ್ಯವಸ್ಥೆ ಬದಲಾಯಿತು. ಸರ್ವೀಸ್ ತಾನೇ ಮೊದಲಿನಿಂದ ಎದ್ದು ಕಾಯುತ್ತಾ ಕೂರೋದಿಲ್ಲ. ಎಸ್‌ಎಸ್‌ಎಚ್ ಸಾಕೆಟ್ ಅನ್ನೋದರ ಮೂಲಕ ಸಿಸ್ಟಮ್‌ಡಿಯೇ 22ನೇ ಪೋರ್ಟಿನಲ್ಲಿ ಕಾದು ಕೂತಿರುತ್ತೆ. ಮೊದಲ ಕನೆಕ್ಷನ್ ಬಂದಾಗ ಸರ್ವೀಸನ್ನು ಎಬ್ಬಿಸುತ್ತೆ. ಯಾರೂ ಲಾಗಿನ್ ಆಗದ ಮಿಷನ್ನಿನಲ್ಲಿ ಸುಮ್ಮನೆ ಕೂತ ಸರ್ವೀಸ್ ಮೆಮೊರಿ ತಿನ್ನೋದು ಬೇಡ ಅಂತ ಈ ಏರ್ಪಾಡು. ಹಾಗಾಗಿ ಮೊದಲು ಡೆಡ್, ಪಕ್ಕದವಳು ಬಾಗಿಲು ತಟ್ಟಿದ ಮೇಲೆ ರನ್ನಿಂಗ್. ಸರ್ವೀಸನ್ನು ಎನೇಬಲ್ ಮಾಡಿಲ್ಲ, ಸಾಕೆಟ್ಟನ್ನು ಮಾತ್ರ ಮಾಡಿದೆ; ಆದ್ದರಿಂದ ಆ ಅಡ್ಡಹೆಸರೂ ಇಲ್ಲ, ಯೂನಿಟ್ ನಾಟ್ ಫೌಂಡ್.

ನಮ್ಮ ಲ್ಯಾಬ್‌ನ ಮಿಷನ್ನುಗಳಿಗೆ ರಜೆಯಲ್ಲಿ 24.04 ಹಾಕಿದ್ದರು. ಮ್ಯಾನುಯಲ್‌ಗೆ ಮಾತ್ರ ಯಾರೂ ಏನೂ ಹಾಕಿರಲಿಲ್ಲ. ನಮ್ಮ ಕಡೆ ಮ್ಯಾನುಯಲ್ ಹೇಗೆ ಹೊಸದಾಗುತ್ತೆ ಅಂತ ಎಲ್ಲರಿಗೂ ಗೊತ್ತಲ್ಲ: ಕವರ್ ಪೇಜಿನ ವರ್ಷ ಬದಲಾಗುತ್ತೆ, ಒಳಗಿನದು ಜೆರಾಕ್ಸಿನ ಜೆರಾಕ್ಸ್.

ಆ ಒಂದೇ ಸಾಲು ಹಿಡಿದು ಹೊರಟ ನಾವು ಆ ಪ್ರಯೋಗದ ನಾಲ್ಕು ಪುಟ ಪೂರ್ತಿ ಕೂತು ನೋಡಿದೆವು. ಮಿಷನ್ನಿನ ಮುಂದೆ ಕೂತು, ಒಂದೊಂದೇ ಸಾಲು ಟೈಪ್ ಮಾಡುತ್ತಾ. ಇದನ್ನು ನೀವೂ ಒಮ್ಮೆ ಮಾಡಿ ನೋಡಿ, ಬೇರೆ ಯಾವ ಪ್ರಯೋಗಕ್ಕಾದರೂ ಸರಿ. ಮೊದಲನೇ ಸಾಲಿಗಿಂತ ಮೊದಲೇ ಒಂದು ಸಾಲು ಇರಬೇಕಿತ್ತು: ಉಬುಂಟು ಡೆಸ್ಕ್‌ಟಾಪಿನಲ್ಲಿ ಎಸ್‌ಎಸ್‌ಎಚ್ ಕ್ಲೈಂಟ್ ಮಾತ್ರ ಬರುತ್ತೆ, ಸರ್ವರ್ ಬರೋದಿಲ್ಲ. ಓಪನ್‌ಎಸ್‌ಎಸ್‌ಎಚ್ ಸರ್ವರ್ ಅನ್ನೋ ಪ್ಯಾಕೇಜನ್ನು ನಾವೇ ಇನ್‌ಸ್ಟಾಲ್ ಮಾಡಬೇಕು. ಲ್ಯಾಬ್‌ನಲ್ಲಿ ಯಾರೋ ಪುಣ್ಯಾತ್ಮರು ಹಾಕಿಟ್ಟಿದ್ದರು, ಹಾಸ್ಟೆಲ್‌ನಲ್ಲಿ ಸ್ವಂತ ಲ್ಯಾಪ್‌ಟಾಪಿನಲ್ಲಿ ಮಾಡೋಕೆ ಹೋದವರಿಗೆ ಮೊದಲ ಹೆಜ್ಜೆಯಲ್ಲೇ ಗೋಡೆ.

ಮುಂದಿನ ಪುಟದಲ್ಲಿ "ಲಾಗಿನ್ ಆಗದಿದ್ದರೆ" ಅಂತ ಒಂದು ಭಾಗ. ಏನೇ ಎರರ್ ಬಂದರೂ ಅದಕ್ಕೆ ಒಂದೇ ಮದ್ದು: ಸರ್ವೀಸ್ ರೀಸ್ಟಾರ್ಟ್ ಮಾಡಿ. ಜ್ವರಕ್ಕೂ ಹಲ್ಲುನೋವಿಗೂ ಒಂದೇ ಮಾತ್ರೆ ಕೊಟ್ಟ ಹಾಗೆ. ಎರರ್‌ಗಳು ಪಾಪ ಬಾಯಿಬಿಟ್ಟು ಹೇಳ್ತಾ ಇರುತ್ತವೆ, ನಾವು ಕೇಳಿಸಿಕೊಳ್ಳೋದಿಲ್ಲ. ಕನೆಕ್ಷನ್ ರೆಫ್ಯೂಸ್ಡ್ ಅಂದರೆ ಆ ಮಿಷನ್ ಸಿಕ್ಕಿದೆ, ಆದರೆ ಆ ಪೋರ್ಟಿನಲ್ಲಿ ಓಗೊಡೋರು ಯಾರೂ ಇಲ್ಲ. ಸಾಮಾನ್ಯವಾಗಿ ಸರ್ವೀಸ್ ಎದ್ದಿಲ್ಲ, ಇಲ್ಲವೇ ಬೇರೆ ಪೋರ್ಟಿನಲ್ಲಿದೆ. ಟೈಮ್ಡ್ ಔಟ್ ಅಂದರೆ ಹೂಂ ಇಲ್ಲ, ಉಹೂಂ ಇಲ್ಲ: ಐಪಿ ತಪ್ಪು, ಮಿಷನ್ ಆಫ್, ಅಥವಾ ನಡುವೆ ಫೈರ್‌ವಾಲ್ ಪ್ಯಾಕೆಟ್ಟುಗಳನ್ನು ನುಂಗುತ್ತಿದೆ. ಪರ್ಮಿಷನ್ ಡಿನೈಡ್ ಬಂದರೆ ಸರ್ವೀಸ್ ಚೆನ್ನಾಗೇ ಓಡ್ತಾ ಇದೆ, ಅದೇ ತಾನೇ ನಮ್ಮನ್ನು ಬೇಡ ಅಂದಿದ್ದು. ಹೆಸರು, ಪಾಸ್‌ವರ್ಡ್, ಕೀ ಯಾವುದೋ ಒಂದು ತಪ್ಪಿದೆ. ಅದನ್ನು ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಅದು ಅಷ್ಟೇ ಸಲ ಬೇಡ ಅನ್ನುತ್ತೆ.

ಅದೇ ಭಾಗದ ಕೊನೆಯಲ್ಲಿ ಇನ್ನೊಂದು ಸಾಲಿದೆ. ಅದರ ಬಗ್ಗೆ ಬರೆಯೋಕೆ ನಮಗೆ ಸ್ವಲ್ಪ ಮುಜುಗರ. ಕಾನ್ಫಿಗ್ ಫೈಲಿನಲ್ಲಿ ಪರ್ಮಿಟ್‌ರೂಟ್‌ಲಾಗಿನ್ ಯೆಸ್, ಪಾಸ್‌ವರ್ಡ್‌ಆಥೆಂಟಿಕೇಶನ್ ಯೆಸ್ ಮಾಡಿ ಅಂತ ಆ ಸಲಹೆ. ಲ್ಯಾಬ್‌ನೊಳಗೆ ಮಾಡಿದರೆ ಮನೆಯೊಳಗಿನ ಬಾಗಿಲು ತೆರೆದಿಟ್ಟ ಹಾಗೆ, ಏನೂ ಆಗಲ್ಲ. ಆದರೆ ಸಾಲುಗಳು ಲ್ಯಾಬ್‌ನೊಳಗೇ ಇರೋದಿಲ್ಲ. ಮಿನಿ ಪ್ರಾಜೆಕ್ಟಿಗೆ ಅಂತ ಜೂನಿಯರ್ ತಂಡವೊಂದು ಕ್ಲೌಡ್‌ನಲ್ಲಿ ಒಂದು ಮಿಷನ್ ಬಾಡಿಗೆಗೆ ತಗೊಂಡಿತ್ತು. ಲಾಗಿನ್ ಆಗ್ತಿಲ್ಲ ಅಂತ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರು. ನಮ್ಮಲ್ಲೇ ಒಬ್ಬರು ಮ್ಯಾನುಯಲ್‌ನ ಆ ಎರಡು ಸಾಲನ್ನು ಬಾಯಿಪಾಠ ಒಪ್ಪಿಸಿದ ಹಾಗೆ ಹೇಳಿ ಮಲಗಿದರು. ರೂಟ್‌ಗೆ ಅವರು ಇಟ್ಟಿದ್ದ ಪಾಸ್‌ವರ್ಡ್ ಕಾಲೇಜಿನ ಹೆಸರು ಮತ್ತು ಒಂದು ಎರಡು ಮೂರು. ವಾರದೊಳಗೆ ಕ್ಲೌಡ್‌ನವರಿಂದ ಮೇಲ್ ಬಂತು: ನಿಮ್ಮ ಮಿಷನ್ ಬೇರೆಯವರ ಮಿಷನ್ನುಗಳ ಮೇಲೆ ದಾಳಿ ಮಾಡ್ತಾ ಇದೆ, ನಿಲ್ಲಿಸಿದ್ದೇವೆ. ಮೂರು ತಿಂಗಳು ಸೇರಿಸಿಟ್ಟಿದ್ದ ಸೆನ್ಸರ್ ಡೇಟಾ ಅದರಲ್ಲೇ ಇತ್ತು, ಬ್ಯಾಕಪ್ ಇರಲಿಲ್ಲ. ಬ್ಯಾಕಪ್ ಇಡದೇ ಇದ್ದದ್ದು ಅವರ ತಪ್ಪು. ಬಾಗಿಲು ತೆರೆಸಿದ್ದು ನಾವು.

22ನೇ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಟ್ಟ ಯಾವ ಮಿಷನ್ನಿನ ಲಾಗ್ ತೆಗೆದು ನೋಡಿದರೂ ಗೊತ್ತಾಗುತ್ತೆ: ಎಲ್ಲೆಲ್ಲಿಂದಲೋ ರೂಟ್, ಅಡ್ಮಿನ್, ಟೆಸ್ಟ್ ಅಂತ ಒಂದೊಂದೇ ಹೆಸರು ಹಾಕಿ ಯಂತ್ರಗಳು ತಟ್ಟುತ್ತಲೇ ಇರುತ್ತವೆ. ಇದೆಲ್ಲ ನೋಡಿಯೇ ಓಪನ್‌ಎಸ್‌ಎಸ್‌ಎಚ್ ಮಾಡೋರು 2015ರ ಆಗಸ್ಟ್‌ನಲ್ಲಿ ಬಂದ 7.0 ಆವೃತ್ತಿಯಲ್ಲಿ ರೂಟ್‌ಗೆ ಪಾಸ್‌ವರ್ಡ್ ಮೂಲಕ ಲಾಗಿನ್ ಆಗೋದನ್ನು ಡೀಫಾಲ್ಟ್ ಆಗಿ ಮುಚ್ಚಿದರು. ಅವರು ಮುಚ್ಚಿದ್ದನ್ನು ನಮ್ಮ ಮ್ಯಾನುಯಲ್ ಇವತ್ತಿಗೂ ತೆರೆಸ್ತಾ ಇದೆ.

ತಮಾಷೆ ನೋಡಿ, ಎಸ್‌ಎಸ್‌ಎಚ್ ಹುಟ್ಟಿದ್ದೇ ಪಾಸ್‌ವರ್ಡ್ ಕಳ್ಳತನದಿಂದ. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಕದ್ದು ಕೂತು ಪಾಸ್‌ವರ್ಡ್‌ಗಳನ್ನು ಹಿಡೀತಿದ್ದರು. ಆಗಿನ ಟೆಲ್ನೆಟ್, ಆರ್‌ಲಾಗಿನ್‌ಗಳಲ್ಲಿ ಪಾಸ್‌ವರ್ಡ್ ತಂತಿಯ ಮೇಲೆ ಬೆತ್ತಲೆಯಾಗಿ ಹೋಗುತ್ತಿತ್ತು. ಅಲ್ಲಿದ್ದ ಟಾಟು ಯಲೋನೆನ್ ಇದಕ್ಕೊಂದು ಪರಿಹಾರ ಅಂತ ಎಸ್‌ಎಸ್‌ಎಚ್ ಬರೆದರು. ಎಫ್‌ಟಿಪಿಯ 21 ಮತ್ತು ಟೆಲ್ನೆಟ್‌ನ 23ರ ನಡುವೆ ಖಾಲಿ ಇದ್ದ 22ನ್ನು ಕೇಳಿ ಪಡೆದರು. ನಾವೆಲ್ಲ ಇವತ್ತು ಬಳಸೋ ಓಪನ್‌ಎಸ್‌ಎಸ್‌ಎಚ್ 1999ರಲ್ಲಿ ಓಪನ್‌ಬಿಎಸ್‌ಡಿಯವರಿಂದ ಬಂತು. ಕಾಲೇಜಿನ ನೆಟ್‌ವರ್ಕ್ ತೊಂದರೆಯಿಂದ ಹುಟ್ಟಿದ್ದು ಕಾಲೇಜಿನ ಮ್ಯಾನುಯಲ್‌ನಲ್ಲಿ ಹೀಗಾಗಿದೆ.

ಮ್ಯಾನುಯಲ್ ತಪ್ಪು ಅನ್ನೋದಕ್ಕಿಂತ ಹಳತಾಗಿದೆ ಅನ್ನೋದೇ ಸರಿ. ಬರೆದವರು ಬರೆದ ದಿನ ಎಲ್ಲ ಓಡಿರಬೇಕು. ಹಾಗೆ ಹಳತಾಗೋದು ಯಾರಿಗೂ ತಪ್ಪಿದ್ದಲ್ಲ. ರಾಸ್ಪ್‌ಬೆರಿ ಪೈ ತಗೊಳ್ಳಿ, ಐಒಟಿ ಪ್ರಾಜೆಕ್ಟ್ ಮಾಡಿದ ಪ್ರತಿಯೊಬ್ಬರ ಡ್ರಾಯರ್‌ನಲ್ಲೂ ಒಂದಿರುತ್ತೆ. ಮೊದಲೆಲ್ಲ ಪವರ್ ಕೊಟ್ಟರೆ ಎಸ್‌ಎಸ್‌ಎಚ್ ತಾನಾಗೇ ಓಡುತ್ತಿತ್ತು. ಹೆಸರು ಪೈ, ಪಾಸ್‌ವರ್ಡ್ ರಾಸ್ಪ್‌ಬೆರಿ, ಇಡೀ ಜಗತ್ತಿಗೇ ಗೊತ್ತು. 2016ರ ನವೆಂಬರ್‌ನಲ್ಲಿ ಅದನ್ನು ನಿಲ್ಲಿಸಿದರು. ಎಸ್‌ಡಿ ಕಾರ್ಡಿನ ಬೂಟ್ ಭಾಗದಲ್ಲಿ ಎಸ್‌ಎಸ್‌ಎಚ್ ಅನ್ನೋ ಹೆಸರಿನ ಖಾಲಿ ಫೈಲ್ ಇಟ್ಟರೆ ಸರ್ವೀಸ್ ಏಳುತ್ತಿತ್ತು. 2022ರ ಏಪ್ರಿಲ್‌ನಲ್ಲಿ ಪೈ ಅನ್ನೋ ಡೀಫಾಲ್ಟ್ ಯೂಸರ್ರೂ ಹೋಯಿತು. ಈಗ ಕಾರ್ಡ್ ಬರೆಯೋ ಇಮೇಜರ್‌ನಲ್ಲೇ ಹೆಸರು, ಪಾಸ್‌ವರ್ಡ್ ಕೊಟ್ಟು ಎಸ್‌ಎಸ್‌ಎಚ್ ಆನ್ ಮಾಡಬಹುದು. ಪ್ರತಿ ಬದಲಾವಣೆಗೂ ಒಳ್ಳೇ ಕಾರಣ ಇತ್ತು, ಪ್ರತಿ ಬದಲಾವಣೆಯೂ ಅಷ್ಟು ಹೊತ್ತು ಸರಿಯಾಗಿದ್ದ ಸಾವಿರಾರು ಪ್ರಾಜೆಕ್ಟ್ ರಿಪೋರ್ಟುಗಳನ್ನು ಒಂದೇ ದಿನದಲ್ಲಿ ತಪ್ಪು ಮಾಡಿತು. ವ್ಯತ್ಯಾಸ ಇಷ್ಟೇ: ರಾಸ್ಪ್‌ಬೆರಿ ಪೈನವರ ದಾಖಲೆ ಗಿಟ್‌ಹಬ್‌ನಲ್ಲಿ ತೆರೆದಿದೆ. ತಪ್ಪು ಕಂಡವರು ತಿದ್ದಿ ಕಳಿಸಬಹುದು. ನಮ್ಮದು ಸ್ಪೈರಲ್ ಬೈಂಡಿಂಗ್ ಆಗಿ ಕೂತಿದೆ.

ತಿದ್ದೋದು ಅಂದರೆ ಎಲ್ಲಿ ತಿದ್ದಬೇಕು ಅನ್ನೋದಕ್ಕೆ ನಮಗೆ ತುಂಬಾ ಹಿಡಿಸಿದ ಉದಾಹರಣೆ ಒಂದಿದೆ. ಸಾಕೆಟ್ ಬಂದ ಮೇಲೆ ಉಬುಂಟುವಿನಲ್ಲಿ ಇನ್ನೊಂದು ಗೊಂದಲ ಆಯಿತು. ಪೋರ್ಟ್ ಬದಲಾಯಿಸಬೇಕು ಅಂದರೆ ಎಲ್ಲರೂ ಮೊದಲಿನಿಂದ ಮಾಡ್ತಿದ್ದಿದ್ದು ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಫೈಲಿನಲ್ಲಿ ಪೋರ್ಟ್ ಸಾಲು ತಿದ್ದಿ ಸರ್ವೀಸ್ ರೀಸ್ಟಾರ್ಟ್ ಮಾಡೋದು. 22.10ರಲ್ಲಿ ಆ ಸಾಲಿಗೆ ಬೆಲೆಯೇ ಇಲ್ಲದ ಹಾಗಾಯಿತು, ಕಾದು ಕೂರೋನು ಸಿಸ್ಟಮ್‌ಡಿ ಆಗಿದ್ದರಿಂದ ಸಾಕೆಟ್ಟನ್ನೇ ತಿದ್ದಬೇಕಿತ್ತು. 24.04ರಲ್ಲಿ ಮತ್ತೆ ಆ ಸಾಲನ್ನು ಓದುವ ಹಾಗೆ ಮಾಡಿದರು, ಆದರೆ ತಿದ್ದಿದ ಮೇಲೆ ಡೀಮನ್ ರೀಲೋಡ್ ಮಾಡಿ ಸಾಕೆಟ್ ರೀಸ್ಟಾರ್ಟ್ ಮಾಡಬೇಕು. ಇದನ್ನು ಅವರು ಎಲ್ಲಿ ಬರೆದಿದ್ದಾರೆ ಗೊತ್ತಾ? ಅದೇ ಕಾನ್ಫಿಗ್ ಫೈಲಿನೊಳಗೆ, ಪೋರ್ಟ್ ಸಾಲಿನ ನೆತ್ತಿಯ ಮೇಲೆ, ಕಾಮೆಂಟ್ ಆಗಿ. ನಿಮ್ಮ ಕರ್ಸರ್ ಎಲ್ಲಿ ತಪ್ಪು ಮಾಡೋಕೆ ಹೊರಟಿದೆಯೋ ಅಲ್ಲೇ ಕೈ ಹಿಡಿದು ನಿಲ್ಲಿಸಿದ ಹಾಗೆ. ಬೇರೆಲ್ಲೋ ಒಂದು ನೂರು ಪುಟದ ದಾಖಲೆಯ ಎಂಬತ್ತನೇ ಪುಟದಲ್ಲಿ ಬರೆದು "ನಾವು ಹೇಳಿದ್ದೆವಲ್ಲ" ಅನ್ನಲಿಲ್ಲ.

ನಾವು ಮಾಡಿದ್ದು ಇದಕ್ಕೆ ಉಲ್ಟಾ. ಡಿ ತೆಗೀಬೇಕು ಅನ್ನೋ ತಿದ್ದುಪಡಿ ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ವರ್ಷಗಟ್ಟಲೆಯಿಂದ ಇದೆ. ಸೀನಿಯರ್ ಬಾಯಲ್ಲಿದೆ, ವಾಟ್ಸಾಪ್ ಗ್ರೂಪಿನಲ್ಲಿದೆ, ಲ್ಯಾಬ್ ಅಸಿಸ್ಟೆಂಟ್ ಅಣ್ಣನ ತಲೆಯಲ್ಲಿದೆ. ಮ್ಯಾನುಯಲ್‌ನಲ್ಲಿ ಒಂದು ಬಿಟ್ಟು ಎಲ್ಲ ಕಡೆ ಇದೆ. ಪರಿಚಯ ಇದ್ದವನಿಗೆ ಕೆಲಸ ಆಗುತ್ತೆ, ಇಲ್ಲದವನು ತಾನೇ ದಡ್ಡ ಅಂದುಕೊಂಡು ಕೂರುತ್ತಾನೆ. ಮೂರನೇ ಸೆಮ್‌ಗೆ ಲ್ಯಾಟರಲ್ ಎಂಟ್ರಿಯಲ್ಲಿ ಬರೋ ಡಿಪ್ಲೊಮಾದವರು, ಯಾವ ಸೀನಿಯರ್ ಗುಂಪಿಗೂ ಸೇರದೆ ಸುಮ್ಮನೆ ಹಿಂದೆ ಕೂರೋ ಹುಡುಗೀರು, ಇಂಥವರೇ ಆ ಎರರ್ ಮುಂದೆ ಅತಿ ಹೆಚ್ಚು ಹೊತ್ತು ಕೂತಿದ್ದನ್ನು ಅವತ್ತು ನೋಡಿದೆವು. ಕೈ ಎತ್ತಿದವರ ಕಡೆಗೆ ನಾವು ಹೋದೆವು. ಕೈ ಎತ್ತದವರು ಪಕ್ಕದವರ ರೆಕಾರ್ಡ್ ನೋಡಿ ಬರೆದರು.

ಒಂದು ವಿಷಯ ಗಮನಿಸಿ. ತಪ್ಪು ಸಾಲು ಕಾಣೋದು ಅದರಲ್ಲಿ ಈಗಷ್ಟೇ ಎಡವಿದವನಿಗೆ ಮಾತ್ರ. ಬಲ್ಲವರು ಮ್ಯಾನುಯಲ್ ಓದೋದೇ ಇಲ್ಲ. ಓದಿದರೂ ಅವರ ಕಣ್ಣು ತಾನಾಗೇ ಆ ಡಿಯನ್ನು ದಾಟಿ ಹೋಗುತ್ತೆ. ಎಡವಿದವನಿಗೂ ಎರಡು ದಿನ ಆದ ಮೇಲೆ ನೆನಪಿರೋದಿಲ್ಲ, ಅಭ್ಯಾಸ ಆಗಿರುತ್ತೆ. ಅಂದರೆ ಮ್ಯಾನುಯಲ್ ತಿದ್ದೋಕೆ ಯೋಗ್ಯತೆ ಇರೋದು ಕ್ಲಾಸಿನಲ್ಲಿ ಎಲ್ಲರಿಗಿಂತ ಕಮ್ಮಿ ಗೊತ್ತಿರೋನಿಗೆ, ಅದೂ ಒಂದೆರಡು ದಿನ ಮಾತ್ರ. ಅವನನ್ನೇ ನಾವು ಮಾತಾಡೋಕೆ ಬಿಡೋದಿಲ್ಲ.

ಸರಿ, ನಾವೇ ತಿದ್ದುತ್ತೇವೆ ಅಂತ ಹೊರಟೆವು. ಒಂದು ಸಾಲಿನ ಚೀಟಿ ಮಾಡಿ ಎಲ್ಲ ಮ್ಯಾನುಯಲ್‌ಗಳಿಗೂ ಅಂಟಿಸಿದೆವು: ಎಸ್‌ಎಸ್‌ಎಚ್‌ಡಿ ಅಲ್ಲ, ಎಸ್‌ಎಸ್‌ಎಚ್. ಹೆಮ್ಮೆಯಿಂದ ಕ್ಯಾಂಟೀನಿಗೆ ಹೋಗಿ ಟೀ ಕುಡಿದೆವು. ಪ್ರಾಜೆಕ್ಟ್ ರೂಮಿನಲ್ಲಿ ಒಂದು ಫೆಡೋರಾ ಮಿಷನ್ ಇದೆ ಅನ್ನೋದು ಮರೆತೇ ಹೋಗಿತ್ತು. ಅಲ್ಲಿ ಮ್ಯಾನುಯಲ್‌ನ ಹಳೇ ಸಾಲೇ ಸರಿ, ನಮ್ಮ ಚೀಟಿಯೇ ತಪ್ಪು! ಅದನ್ನು ಸರಿ ಮಾಡಿ, ಆ ಮಿಷನ್ನಿನಲ್ಲಿ ಸರ್ವೀಸ್ ಸ್ಟಾರ್ಟ್ ಮಾಡಿ, ಎಲ್ಲರೂ ಹಾಸ್ಟೆಲ್‌ನಿಂದಲೇ ಲಾಗಿನ್ ಆಗಿ ಕೆಲಸ ಮಾಡಿಕೊಳ್ಳಿ ಅಂದೆವು. ಶನಿವಾರ ರಾತ್ರಿ ಕರೆಂಟ್ ಹೋಯಿತು, ಯುಪಿಎಸ್ ಅರ್ಧ ಗಂಟೆ ಉಸಿರು ಹಿಡಿದು ಕೈಚೆಲ್ಲಿತು. ಕರೆಂಟ್ ಬಂದ ಮೇಲೆ ಮಿಷನ್ ಆನ್ ಆಯಿತು, ಸರ್ವೀಸ್ ಆಗಲಿಲ್ಲ. ಭಾನುವಾರ ರೂಮಿಗೆ ಬೀಗ. ಸ್ಟಾರ್ಟ್ ಅಂದರೆ ಈಗ ಶುರು ಮಾಡು. ಎನೇಬಲ್ ಅಂದರೆ ಮಿಷನ್ ಆನ್ ಆದಾಗಲೆಲ್ಲ ತಾನಾಗೇ ಶುರುವಾಗು. ಎರಡೂ ಬೇಕಾದರೆ ಎನೇಬಲ್ ಜೊತೆ ನೌ ಅನ್ನೋ ಆಯ್ಕೆ ಸೇರಿಸಬೇಕು. ಉಬುಂಟುವಿನಲ್ಲಿ ಪ್ಯಾಕೇಜ್ ಹಾಕಿದ ಕೂಡಲೇ ಎಲ್ಲ ತಾನಾಗೇ ಆಗಿಬಿಡೋದರಿಂದ ಈ ವ್ಯತ್ಯಾಸ ನಮ್ಮ ತಲೆಗೇ ಬಂದಿರಲಿಲ್ಲ. ಫೆಡೋರಾ ವರ್ಕ್‌ಸ್ಟೇಷನ್ನಿನಲ್ಲಿ ಅದನ್ನು ನಾವೇ ಮಾಡಬೇಕು.

ಆಮೇಲೆ ನಮಗೆ ಬುದ್ಧಿ ಬಂತು. ಎರಡನೇ ಚೀಟಿಯಲ್ಲಿ ಬರೀ ಆಜ್ಞೆ ಬರೆಯಲಿಲ್ಲ. ಯಾವ ಲಿನಕ್ಸ್, ಯಾವ ಆವೃತ್ತಿ, ಯಾವತ್ತು ಪರೀಕ್ಷೆ ಮಾಡಿದೆವು, ಸ್ಕ್ರೀನ್ ಮೇಲೆ ಏನು ಬಂತು, ಸರಿಯಾಗಿದೆ ಅಂತ ಹೇಗೆ ಗೊತ್ತಾಗುತ್ತೆ, ಎಲ್ಲ ಬರೆದೆವು. ಮಿಷನ್ ರೀಬೂಟ್ ಮಾಡಿ ಇನ್ನೊಮ್ಮೆ ಲಾಗಿನ್ ಆದ ಮೇಲೇ ಚೀಟಿ ಅಂಟಿಸಿದ್ದು. ದೂರದಲ್ಲಿರೋ ಮಿಷನ್ನಿನಲ್ಲಿ ಕಾನ್ಫಿಗ್ ತಿದ್ದುವವರಿಗೆ ಅಂತ ಇನ್ನೊಂದು ಸಾಲನ್ನೂ ಸೇರಿಸಿದೆವು: ರೀಸ್ಟಾರ್ಟ್ ಮಾಡೋಕೆ ಮೊದಲು ಎಸ್‌ಎಸ್‌ಎಚ್‌ಡಿಗೆ ಟಿ ಆಯ್ಕೆ ಕೊಟ್ಟು ಫೈಲಿನಲ್ಲಿ ತಪ್ಪಿದೆಯಾ ನೋಡಿ, ಈಗಿರೋ ವಿಂಡೋ ಮುಚ್ಚಬೇಡಿ, ಹೊಸ ವಿಂಡೋದಲ್ಲಿ ಲಾಗಿನ್ ಆಗುತ್ತಾ ನೋಡಿದ ಮೇಲೆ ಮುಚ್ಚಿ. ರೀಸ್ಟಾರ್ಟ್ ಮಾಡಿದರೂ ಹಳೇ ಕನೆಕ್ಷನ್ ಉಳಿದಿರುತ್ತೆ, ತಪ್ಪಿದ್ದರೆ ಅದರಲ್ಲೇ ತಿದ್ದಬಹುದು. ಇದನ್ನು ಕಲಿತದ್ದು ಹೇಗೆ ಅಂತ ಕೇಳಬೇಡಿ, ಬೇರೆ ಬ್ಲಾಕಿನ ಮೂರನೇ ಮಹಡಿ ಹತ್ತಿ ಬಂದಿದ್ದೇವೆ.

ಚೀಟಿಯನ್ನು ಕನ್ನಡದಲ್ಲಿ ಬರೆದೆವು, ಕನ್ನಡ ಸಂಘದವರಾದ್ದರಿಂದ. ಒಂದು ಲಾಭ ಆಯಿತು, ನಾವು ನಿರೀಕ್ಷಿಸಿರಲಿಲ್ಲ. ಇಂಗ್ಲಿಷಿನಲ್ಲಿ ಸ್ಟಾರ್ಟ್, ಎನೇಬಲ್ ಅಂತ ಓದೋವಾಗ ಎರಡೂ ಒಂದೇ ಅನ್ನೋ ಹಾಗೆ ಕಣ್ಣು ಜಾರಿ ಹೋಗ್ತಿತ್ತು. "ಈಗ ಶುರು ಮಾಡು", "ಆನ್ ಆದಾಗಲೆಲ್ಲ ಶುರುವಾಗು" ಅಂತ ಬರೆಯೋಕೆ ಕೂತಾಗ ನಮಗೇ ಅರ್ಥ ಆಗದೆ ಇರೋ ಜಾಗಗಳು ಎದ್ದು ಕಂಡವು. ಗೊತ್ತಿಲ್ಲದ್ದನ್ನು ಇಂಗ್ಲಿಷಿನಲ್ಲಿ ಕಾಪಿ ಹೊಡೀಬಹುದು, ಕನ್ನಡದಲ್ಲಿ ಹೊಡಿಯೋಕಾಗಲ್ಲ.

"ಒದ್ದಾಡಲಿ ಬಿಡ್ರೋ, ಒದ್ದಾಡಿದ್ರೆ ತಾನೇ ಕಲಿಯೋದು" ಅಂತ ನಮ್ಮ ಗೆಳೆಯರೇ ಕೆಲವರು ಹೇಳಿದರು. ಈ ಮಾತನ್ನು ಸುಮ್ಮನೆ ತಳ್ಳಿಹಾಕೋಕಾಗಲ್ಲ. ನಿಜ ಹೇಳಬೇಕೆಂದರೆ ನಾವು ಸಾಕೆಟ್ ಬಗ್ಗೆ ಓದಿದ್ದೇ ಆ ತಪ್ಪು ಸಾಲಿನ ದೆಸೆಯಿಂದ. ಮ್ಯಾನುಯಲ್ ಸರಿಯಾಗಿದ್ದಿದ್ದರೆ ನಾವೂ ಟೈಪ್ ಮಾಡಿ, ಸೀಲ್ ಹಾಕಿಸಿಕೊಂಡು, ಮರೆತು ಹೋಗ್ತಿದ್ದೆವು. ಆದರೆ ನಾವು ಓದಿದ್ದು ಫೈನಲ್ ಇಯರ್‌ನಲ್ಲಿ, ಪುರುಸೊತ್ತಿನಲ್ಲಿ, ಮಾರ್ಕ್ಸಿನ ಭಯ ಇಲ್ಲದೆ. ಎರಡು ಗಂಟೆಯ ಲ್ಯಾಬ್‌ನಲ್ಲಿ, ಮುಂದಿನ ವಾರ ಇಂಟರ್ನಲ್ಸ್ ಇಟ್ಟುಕೊಂಡು, ಒದ್ದಾಡಿದವನು ಕಲಿಯೋದು ಪಕ್ಕದವನ ಬುಕ್ ನೋಡೋದನ್ನ. ಒದ್ದಾಡಿಸಬೇಕು ಅಂತಿದ್ದರೆ ಬೇಕಂತಲೇ ಒಂದು ಮಿಷನ್ನಿನಲ್ಲಿ ಸರ್ವೀಸ್ ಕೆಡಿಸಿಟ್ಟು, ಕಂಡುಹಿಡೀರಿ ಅಂತ ಪ್ರಯೋಗ ಕೊಡಲಿ, ನಾವೇ ಬಂದು ಕೆಡಿಸಿ ಕೊಡ್ತೇವೆ.

ಸರ್ ಹತ್ತಿರವೂ ಹೋದೆವು. ಅವರು ಸಿಟ್ಟಾಗಲಿಲ್ಲ, ನಗಲೂ ಇಲ್ಲ. "ಮ್ಯಾನುಯಲ್ ಒಪ್ಪಿಗೆ ಆಗಿ ಬಂದಿರೋದು, ಮಧ್ಯದಲ್ಲಿ ಬದಲಾಯಿಸೋಕೆ ಬರಲ್ಲ. ಎಕ್ಸ್‌ಟರ್ನಲ್ ಬಂದವರು ಅದನ್ನೇ ನೋಡಿ ಮಾರ್ಕ್ಸ್ ಹಾಕೋದು" ಅಂದರು. ಅವರ ಕಷ್ಟವೂ ಅರ್ಥ ಆಗುತ್ತೆ. ಮೂರು ಲ್ಯಾಬ್, ಎರಡು ಥಿಯರಿ, ಅದರ ಮೇಲೆ ಕಮಿಟಿ ಫೈಲುಗಳು. ಹಾಗಾಗಿ ನಾವು ಕೇಳಿದ್ದು ಸಣ್ಣದು. ಒಂದು, ರೆಕಾರ್ಡ್‌ನ ಔಟ್‌ಪುಟ್ ಜಾಗದಲ್ಲಿ ಸ್ಕ್ರೀನ್ ಮೇಲೆ ಬಂದಿದ್ದನ್ನೇ ಬರೆದರೆ, ಅದು ಮ್ಯಾನುಯಲ್‌ಗೆ ಹೊಂದದಿದ್ದರೂ, ಮಾರ್ಕ್ಸ್ ಕಟ್ ಮಾಡಬಾರದು. ಮ್ಯಾನುಯಲ್‌ನಲ್ಲಿ ತಪ್ಪು ಹಿಡಿದು, ತೋರಿಸಿ, ತಿದ್ದಿ ಬರೆದವರಿಗೆ ವೈವಾದಲ್ಲಿ ಒಂದು ಪ್ರಶ್ನೆ ಸರಿ ಉತ್ತರಿಸಿದಷ್ಟು ಬೆಲೆ ಕೊಡಬೇಕು. ಮತ್ತೆ, ಪ್ರತಿ ಪ್ರಯೋಗದ ಕೊನೆಯಲ್ಲಿ ಅರ್ಧ ಪುಟ ಖಾಲಿ ಬಿಟ್ಟು ಪ್ರಿಂಟ್ ಹಾಕಿಸಬೇಕು. ಅಷ್ಟೇ. ಒದ್ದಾಡಿದವರು ಅವತ್ತೇ ಅಲ್ಲಿ ಬರೆಯಲಿ.

ಮೊದಲನೆಯದಕ್ಕೆ ಸರ್ ಅವತ್ತೇ ಒಪ್ಪಿದರು. ಮುಂದಿನ ಬ್ಯಾಚಿನಲ್ಲಿ ನಾಲ್ಕೈದು ರೆಕಾರ್ಡುಗಳಲ್ಲಿ ಇನ್‌ಆಕ್ಟಿವ್, ಡೆಡ್ ಅಂತ ಬರೆದಿತ್ತು, ಕೆಳಗೆ ಕಾರಣವೂ ಇತ್ತು, ಸರ್ ಸಹಿಯೂ ಇತ್ತು. ಉಳಿದವರು ಹಳೇದನ್ನೇ ಬರೆದಿದ್ದರು, ಭಯ ಅಷ್ಟು ಬೇಗ ಹೋಗಲ್ಲ. ಎರಡನೆಯದು "ನೋಡೋಣ". ಮೂರನೆಯದಕ್ಕೆ ಮುಂದಿನ ವರ್ಷದ ಪ್ರಿಂಟ್ ಬರಬೇಕು. ಪರ್ಮಿಟ್‌ರೂಟ್‌ಲಾಗಿನ್ ಸಾಲಿನ ಮೇಲೆ ಮಾತ್ರ ಯಾರ ಒಪ್ಪಿಗೆಗೂ ಕಾಯದೆ ಲ್ಯಾಬ್ ಅಸಿಸ್ಟೆಂಟ್ ಅಣ್ಣ ಪ್ರತಿ ಮ್ಯಾನುಯಲ್‌ನಲ್ಲೂ ಮಾರ್ಕರ್‌ನಿಂದ ಕಪ್ಪು ಬಳಿದರು.

ಮೊನ್ನೆ ಸುಮ್ಮನೆ ಲ್ಯಾಬ್‌ಗೆ ಹೋದಾಗ ಹನ್ನೊಂದನೇ ಮಿಷನ್ನಿನ ಮ್ಯಾನುಯಲ್ ತೆಗೆದು ನೋಡಿದೆವು. ನಮ್ಮ ಚೀಟಿಯ ಕೆಳಗೆ ಪೆನ್ಸಿಲ್‌ನಲ್ಲಿ ಯಾರೋ ಸಣ್ಣಕ್ಷರದಲ್ಲಿ ಬರೆದಿದ್ದರು: "ಫೈರ್‌ವಾಲ್ ಆನ್ ಇದ್ರೆ ಇಷ್ಟೆಲ್ಲ ಮಾಡಿದ್ರೂ ಟೈಮ್ಡ್ ಔಟ್ ಬರುತ್ತೆ. ಯುಎಫ್‌ಡಬ್ಲ್ಯೂ ಅಲೌ ಎಸ್‌ಎಸ್‌ಎಚ್ ಹಾಕಿ. ನಂಗೆ ಒಂದು ಗಂಟೆ ಹೋಯ್ತು." ಹೆಸರಿಲ್ಲ, ತಾರೀಖು ಇದೆ, ಉಬುಂಟು 24.04 ಅಂತಲೂ ಇದೆ. ಅಲ್ಲೇ ಕೂತು ಫೈರ್‌ವಾಲ್ ಆನ್ ಮಾಡಿ ನೋಡಿದೆವು. ಟೈಮ್ಡ್ ಔಟ್ ಬಂತು. ಅವರು ಬರೆದ ಸಾಲು ಹಾಕಿದೆವು, ಲಾಗಿನ್ ಆಯಿತು. ಮೂರನೇ ಚೀಟಿಗೆ ಅದನ್ನು ಸೇರಿಸಿ ಪ್ರಿಂಟಿಗೆ ಕೊಟ್ಟಿದ್ದೇವೆ. ಬರೆದವರು ಇದನ್ನು ಓದ್ತಾ ಇದ್ದರೆ ಒಮ್ಮೆ ಸಂಘದ ರೂಮಿಗೆ ಬನ್ನಿ, ಚೀಟಿಯಲ್ಲಿ ನಿಮ್ಮ ಹೆಸರು ಹಾಕಬೇಕು.